ಓಲೆಯಲ್ಲಿ ಬಿಟ್ಟ ಜಾಗ

ನಮ್ಮ ಮನೆತನಕ್ಕೆ ಈ ಪಟ್ಟಣದಲ್ಲಿ ಏಳು ತಲೆಮಾರಿನ ಗೌರವವಿದೆ. ಜಂಭಕ್ಕೆ ಹೇಳುತ್ತಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ; ಗೊತ್ತಿಲ್ಲದವರು ತಿಳಿದುಕೊಳ್ಳಲಿ. ನನ್ನ ಮುತ್ತಜ್ಜಿ ಓಲೆ ಬರೆದಳು. ಅಜ್ಜಿ ಓಲೆ ಬರೆದಳು. ತಾಯಿ ಓಲೆ ಬರೆದಳು. ನಾನು ಓಲೆ ಬರೆದೆ. ನಮ್ಮಲ್ಲಿ ಯಾರೂ ಬೀದಿಯಲ್ಲಿ ನಿಂತು ಗಟ್ಟಿಯಾಗಿ ನಕ್ಕವರಲ್ಲ, ಯಾರೂ ಕೇಳದೆ ಸಲಹೆ ಕೊಟ್ಟವರಲ್ಲ. ನನ್ನನ್ನು ಗುಡ್ಡದ ಮೇಲಿನ ಕಾನ್ವೆಂಟಿಗೆ ಹಾಕಿದ್ದರು. ಹನ್ನೊಂದು ವರ್ಷ ಅಲ್ಲಿಯ ಸಿಸ್ಟರುಗಳು ನನ್ನ ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆ ಆಡಿಸಿ ಅಕ್ಷರ ತಿದ್ದಿಸಿದರು. ನನ್ನ ತಲೆಕಟ್ಟು ನೋಡಿ ಮದರ್ ಸುಪೀರಿಯರ್ ಒಮ್ಮೆ, ಒಂದೇ ಒಂದು ಸಲ, "ಸರಿಯಾಗಿದೆ" ಅಂದಿದ್ದರು. ಆ ಮಾತನ್ನು ನಾನು ಐವತ್ತು ವರ್ಷ ಇಟ್ಟುಕೊಂಡಿದ್ದೇನೆ.

ನಮ್ಮ ಪಟ್ಟಣದಲ್ಲಿ ಬಾಗಿಲುಗಳಿಲ್ಲ. ಮನೆಗಳಿವೆ, ಗೋಡೆಗಳಿವೆ, ಕಿಟಕಿಗಳಿವೆ. ಬಾಗಿಲಿರಬೇಕಾದ ಕಡೆ ಹೊಸ್ತಿಲು ಮಾತ್ರ ಇದೆ. ಕರೆಯದೆ ಬಂದವರ ಪಾದ ಹೊಸ್ತಿಲ ಮುಂದೆ ನಿಂತುಬಿಡುತ್ತದೆ. ಎತ್ತಿದರೆ ಏಳುವುದಿಲ್ಲ. ಹಿಂದೊಮ್ಮೆ ಮೂವರು ಸೇರಿ ಒಬ್ಬನನ್ನು ಬೆನ್ನ ಹಿಂದಿನಿಂದ ತಳ್ಳಿದರಂತೆ. ಅವನ ಚಪ್ಪಲಿ ಒಳಗೆ ಹೋಗಿ ಬಿತ್ತು, ಪಾದ ಹೋಗಲಿಲ್ಲ.

ಇಂಥ ಐವತ್ತು ಪಟ್ಟಣಗಳು ಸೇರಿ ಒಂದು ಒಕ್ಕೂಟ. ಒಕ್ಕೂಟಕ್ಕೆ ಒಂದು ದೊಡ್ಡ ಶಾಸನ, ಪ್ರತಿ ಪಟ್ಟಣಕ್ಕೆ ತನ್ನದೇ ಒಂದು ಚಿಕ್ಕ ಶಾಸನ. ದೊಡ್ಡದು ಕೊಟ್ಟದ್ದನ್ನು ಚಿಕ್ಕದು ಕಸಿಯುವಂತಿಲ್ಲ. ಬೇಕಾದರೆ ಮೇಲೆ ಇನ್ನೊಂದು ಹಿಡಿ ಸೇರಿಸಬಹುದು. ಹೊಸ್ತಿಲನ್ನು ದೊಡ್ಡ ಶಾಸನ ಕೊಟ್ಟಿದೆ. ಮಾತಿನ ಕಲ್ಲನ್ನೂ ಅದೇ ಕೊಟ್ಟಿದೆ. ಆ ಕಲ್ಲು ಸಂತೆಯ ನಡುವೆ ಇದೆ. ಅದರ ಮೇಲೆ ಹತ್ತಿ ನಿಂತವರನ್ನು ಅವರಾಗಿಯೇ ಇಳಿಯುವ ತನಕ ಯಾರೂ ಇಳಿಸುವಂತಿಲ್ಲ. ನಮ್ಮ ಚಿಕ್ಕ ಶಾಸನ ಒಂದು ಹಿಡಿ ಸೇರಿಸಿತು: ಮನೆಯ ಹೊರಗಿನ ಜಗುಲಿಯೂ ಮನೆಯೇ ಎಂದಿತು.

ಪಟ್ಟಣದಲ್ಲಿ ಮೂರು ದೊಡ್ಡ ಮನೆಗಳಿವೆ. ಮಾತಿನ ಮನೆಯಲ್ಲಿ ಎರಡು ಕೋಣೆ. ಕೆಳಗಿನ ಕೋಣೆಯಲ್ಲಿ ಬೆಂಚುಗಳು ಮತ್ತು ಗಲಾಟೆ, ಮೇಲಿನ ಕೋಣೆಯಲ್ಲಿ ಕುರ್ಚಿಗಳು ಮತ್ತು ಕೆಮ್ಮು. ಎರಡೂ ಕೋಣೆ ಒಪ್ಪಿದ್ದು ಕಟ್ಟಳೆಯಾಗುತ್ತದೆ. ಕೈಯ ಮನೆಯಲ್ಲಿ ಯಜಮಾನನಿದ್ದಾನೆ. ನಾಲ್ಕು ವರ್ಷಕ್ಕೊಮ್ಮೆ ಜನ ಅವನನ್ನು ಆರಿಸುತ್ತಾರೆ, ಅವನು ಕಟ್ಟಳೆಯನ್ನು ನಡೆಸುತ್ತಾನೆ. ತಕ್ಕಡಿಯ ಮನೆಯಲ್ಲಿ ತೂಗುವವರಿದ್ದಾರೆ. ಅವರು ನಡೆದದ್ದನ್ನು ಶಾಸನದ ಎದುರು ಇಟ್ಟು ತೂಗುತ್ತಾರೆ. ಒಂದು ಮನೆಯವರು ಇನ್ನೊಂದು ಮನೆಯ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಕರೆಯದ ಮನೆಗೆ ಯಜಮಾನನ ಆಳು ಹೋಗಬೇಕಾದರೆ ಓಲೆ ಬೇಕು. ಆಳು ತಕ್ಕಡಿಯ ಮನೆಗೆ ಬಂದು ಪ್ರಮಾಣ ಮಾಡಿ ಮೂರು ಮಾತು ಹೇಳಬೇಕು. ಯಾರ ಮನೆ? ಯಾವ ವಸ್ತು? ಯಾಕೆ? ತೂಗುವವರು ಕೇಳಿ, ತೂಗಿ, ಒಪ್ಪಿದರೆ ಅದೇ ಮೂರು ಮಾತನ್ನು ಗಟ್ಟಿಯಾಗಿ ನುಡಿಯುತ್ತಾರೆ. ಬೇರೆ ಪಟ್ಟಣಗಳಲ್ಲಿ ಮೊದಲು ಬರೆದು ಆಮೇಲೆ ಮುದ್ರೆ ಒತ್ತುತ್ತಾರೆ. ಬಿಸಿ ಅರಗಿನ ಕಾವಿಗೆ ಓಲೆ ಮುದುರಿ, ಬರೆದ ಅಕ್ಷರ ಒಡೆಯುತ್ತದೆ. ಅವರ ಓಲೆಗಳನ್ನು ನೋಡಿದರೆ ಅಸಹ್ಯ. ನಮ್ಮಲ್ಲಿ ಮೊದಲು ಮುದ್ರೆ, ಆಮೇಲೆ ಬರಹ. ಬರೆಯುವವರು ನಮ್ಮ ಮನೆಯವರಾದ್ದರಿಂದ ಹಾಗೆ. ಖಾಲಿ ಓಲೆಗೆ ಮುದ್ರೆ ಒತ್ತಿ ನಮ್ಮ ಕೈಗೆ ಕೊಡುತ್ತಿದ್ದರು. ಏಳು ತಲೆಮಾರಿನಲ್ಲಿ ಒಂದು ಓಲೆಯಲ್ಲೂ ಒಂದು ಜಾಗವೂ ಖಾಲಿ ಉಳಿಯಲಿಲ್ಲ. ಯಾರ ಮನೆ, ಯಾವ ವಸ್ತು, ಯಾಕೆ. ಮೂರು ಸಾಲು. ಆ ಓಲೆ ಹಿಡಿದ ಪಾದ ಹೊಸ್ತಿಲ ಮೇಲೆ ಏಳುತ್ತಿತ್ತು, ಆ ವಸ್ತು ಸಿಕ್ಕೊಡನೆ ಹೊರಗೆ ಬರುತ್ತಿತ್ತು.

ಆಮೇಲೆ ಆ ಹೊಳೆಯಾಚೆಯವಳು ಬಂದಳು.

ಒಂದು ಚಾಪೆ, ಒಂದು ತಂಬಿಗೆ, ಒಂದು ಬರೆಯುವ ಕಂಟ ತಂದಿದ್ದಳು. ನನ್ನ ಮನೆಯ ಎದುರಿಗಿದ್ದ ಪಾಳು ಮನೆಯನ್ನು ಹಿಡಿದಳು. ಯಾರು ಬಂದು ಏನು ಹೇಳಿದರೂ ಬರೆದುಕೊಡುತ್ತಿದ್ದಳು. ಊರು ಬಿಟ್ಟ ಅಳಿಯನಿಗೆ ಕಾಗದ, ಮಾತಿನ ಮನೆಗೆ ಮನವಿ, ಜಗಳವಾಡಿದ ಅಕ್ಕನಿಗೆ ಬೈಗುಳ. ಅವಳ ಅಕ್ಷರ ನಾನು ನೋಡಿದೆ. ತಲೆಕಟ್ಟು ಇಲ್ಲವೇ ಇಲ್ಲ. ಸಾಲು ಇಳಿಜಾರಿನಲ್ಲಿ ಹೋಗುವ ಹಂದಿಮರಿಗಳ ಹಾಗೆ ಒಂದರ ಮೇಲೊಂದು ಬಿದ್ದಿತ್ತು. ಆದರೂ ಅವಳ ಜಗುಲಿಯ ಕೆಳಗೆ ಚಪ್ಪಲಿಗಳು ಸೇರತೊಡಗಿದವು. ಮೊದಲ ವಾರ ಹನ್ನೊಂದು ಜೊತೆ. ಹದಿನೈದು ದಿನಕ್ಕೆ ಇಪ್ಪತ್ತಮೂರು. ನನ್ನ ಜಗುಲಿಯ ಕೆಳಗೆ ಒಂದು ಜೊತೆ, ನನ್ನದು.

ನಾನು ಕಿಟಕಿಯಲ್ಲಿ ಕುಳಿತು ನೋಡುತ್ತಿದ್ದೆ. ಮೀನು ಮಾರುವವಳು ಅಲ್ಲಿಗೆ ಹೋದಳು. ಕ್ಷೌರಿಕ ಹೋದ. ಒಂದು ದಿನ ನನ್ನ ಸೊಸೆಯೂ ಹೋದಳು. ತಿರುಗಿ ಬಂದಾಗ ಕೇಳಿದೆ:

"ಕಾಗದ ಬರೆಸೋದಿದ್ರೆ ಮನೇಲಿ ನಾನಿಲ್ಲವಾ?"

"ನೀವು ಬರೆದ್ರೆ ಚೆನ್ನಾಗಿರತ್ತೆ ಅತ್ತೆ," ಅಂದಳು ಸೊಸೆ. "ಆದ್ರೆ ನಮ್ಮಮ್ಮ ಅದನ್ನ ಓದಿ, 'ಇದ್ಯಾರಪ್ಪಾ ಮಾತಾಡ್ತಿರೋದು' ಅಂತಾಳೆ. ಅವಳು ಬರೆದ್ರೆ ನಾನೇ ಮಾತಾಡ್ದಂಗೆ ಇರತ್ತೆ."

ಅವತ್ತು ನನಗೆ ಊಟ ಸೇರಲಿಲ್ಲ. ಹೊಟ್ಟೆಯಲ್ಲಿ ಏನೋ ಉರಿಯಿತು. ಅದಕ್ಕೆ ಹೆಸರಿದೆ, ಮುಚ್ಚಿಡುವುದಿಲ್ಲ: ಹೊಟ್ಟೆಕಿಚ್ಚು. ನಮ್ಮ ಮನೆಯಲ್ಲಿ ಆ ಮಾತನ್ನು ಬೇರೆಯವರ ಬಗ್ಗೆ ಹೇಳಲು ಇಟ್ಟುಕೊಂಡಿದ್ದೆವು.

ಪ್ರತಿ ವರ್ಷ ಶಾಸನದ ದಿನ ಬರುತ್ತದೆ. ಅಂದು ಮಾತಿನ ಕಲ್ಲಿನ ಮೇಲೆ ನಿಂತು ಚಿಕ್ಕ ಶಾಸನವನ್ನು ಮೊದಲಿನಿಂದ ಕೊನೆಯ ತನಕ ಓದುವುದು ನಮ್ಮ ಮನೆಯ ಹೆಣ್ಣಿನ ಹಕ್ಕು. ಎಲ್ಲೂ ಬರೆದಿರಲಿಲ್ಲ, ಆದರೆ ಹಾಗೆಯೇ ನಡೆದುಬಂದಿತ್ತು. ಆ ವರ್ಷ ಕೆಳಗಿನ ಕೋಣೆಯ ಬೆಂಚಿನಿಂದ ಒಬ್ಬ ಎದ್ದು, "ಈ ಸಲ ಹೊಳೆಯಾಚೆಯವಳು ಓದ್ಲಿ" ಅಂದ. ಇನ್ನೊಬ್ಬ, "ಅಮ್ಮಾವ್ರು ಓದಿದ್ರೆ ಶಾಸನಕ್ಕೇ ನಿದ್ದೆ ಬರತ್ತೆ" ಅಂದ. ಬೆಂಚುಗಳೆಲ್ಲ ನಕ್ಕವು. ಮೇಲಿನ ಕೋಣೆ ಕೆಮ್ಮಿ ಒಪ್ಪಿತು. ನನಗೆ ಯಾರೂ ಒಂದು ಮಾತು ತಿಳಿಸಲಿಲ್ಲ. ಮೀನು ಮಾರುವವಳಿಂದ ತಿಳಿಯಿತು.

ಅದೇ ವಾರ ಹೊಳೆಯಾಚೆಯವಳು ಕಲ್ಲಿನ ಮೇಲೆ ಹತ್ತಿ ಒಂದು ಮನವಿ ಓದಿದಳು. ಯಜಮಾನ ಕಟ್ಟಿಸಿದ ಸೇತುವೆ ಹೊಳೆಯ ಅರ್ಧಕ್ಕೆ ನಿಂತಿದೆ, ಇನ್ನರ್ಧ ಎಲ್ಲಿ ಎಂದು ಮನವಿ ಕೇಳಿತ್ತು. ಕೆಳಗೆ ಮೂವತ್ತೆರಡು ಮನೆಯವರ ರುಜು ಇದೆ, ಆದರೆ ಹೆಸರುಗಳನ್ನು ಓದುವುದಿಲ್ಲ ಎಂದಳು. "ಅರ್ಧ ಸೇತುವೆ ಮೇಲೆ ಹೋದೋರು ಎಲ್ಲಿಗೆ ಹೋಗ್ಬೇಕು ಯಜಮಾನ್ರೇ? ನೀವು ಮೊದಲು ಹೋಗಿ ತೋರಿಸಿ!" ಎಂದಾಗ ಸಂತೆಯೆಲ್ಲ ಚಪ್ಪಾಳೆ ತಟ್ಟಿತು. ಯಜಮಾನನೂ ಅಲ್ಲಿಯೇ ಇದ್ದ. ಅವಳನ್ನು ಇಳಿಸುವಂತಿರಲಿಲ್ಲ. ಅವಳಾಗಿಯೇ ಇಳಿಯುವ ತನಕ ಅವನು ಬಿಸಿಲಲ್ಲಿ ನಿಂತು ಕೇಳಿದ.

ಮರುದಿನ ಬೆಳಿಗ್ಗೆ ಯಜಮಾನನೇ ತಕ್ಕಡಿಯ ಮನೆಗೆ ಬಂದು ಪ್ರಮಾಣ ಮಾಡಿದ. ಸೇತುವೆಯ ನಕ್ಷೆ ಕಾಣೆಯಾಗಿದೆ, ಹೊಳೆಯಾಚೆಯವಳ ಚಾಪೆಯ ಕೆಳಗೆ ಅದರ ಅಂಚು ಕಾಣಿಸಿತೆಂದು ತನ್ನ ಆಳು ಹೇಳುತ್ತಾನೆ ಎಂದ. ಆಳು ಹೌದೆಂದ. ತೂಗುವವರು ತೂಗಿದರು. ಮೂರು ಮಾತು ನುಡಿದರು. ಹೊಳೆಯಾಚೆಯವಳ ಮನೆ. ಸೇತುವೆಯ ನಕ್ಷೆ. ಆಳು ಕಂಡನೆಂಬ ಕಾರಣ. ಖಾಲಿ ಓಲೆಗೆ ಮುದ್ರೆ ಒತ್ತಿದರು. ಓಲೆ ನನ್ನ ಕೈಗೆ ಬಂತು.

ಯಜಮಾನ ನನ್ನ ಹಿಂದೆಯೇ ನನ್ನ ಮನೆಗೆ ಬಂದ. ಹೊಸ್ತಿಲ ಆಚೆ ನಿಂತ. ನಾನು "ಬನ್ನಿ" ಎಂದೆ. ಅವನ ಪಾದ ಎದ್ದಿತು.

"ಅಮ್ಮಾವ್ರೇ, ನಿಮ್ಮ ಅಕ್ಷರ ನೋಡೋದೇ ಒಂದು ಪುಣ್ಯ," ಅಂದ. "ಊರಿನವರಿಗೆ ಬೆಲೆ ಗೊತ್ತಿಲ್ಲ. ಶಾಸನದ ದಿನ ಆ ಕೋಳಿಕಾಲು ಬರಹದವಳು ಓದ್ತಾಳಂತೆ, ಕೇಳಿ ನನಗೇ ಸಂಕಟ ಆಯ್ತು."

ಮೊದಲ ಸಾಲು ಕೊರೆದೆ: ಹೊಳೆಯಾಚೆಯವಳ ಮನೆ.

"ಮುಂದಿನ ಸಾಲು ಇರಲಿ ಬಿಡಿ," ಅಂದ ಯಜಮಾನ. "ನಕ್ಷೆ ಅಂತ ಬರೆದ್ರೆ ನಕ್ಷೆ ಮಾತ್ರ ಸಿಗತ್ತೆ. ಅವಳ ಹತ್ರ ಇನ್ನೇನಿದೆಯೋ ಯಾರಿಗೆ ಗೊತ್ತು? ನಿಮ್ಮ ಬಗ್ಗೆ ಯಾರ್ಯಾರಿಗೆ ಏನೇನು ಬರೆದುಕೊಟ್ಟಿದ್ದಾಳೋ."

ನಾನು ಕಿಟಕಿಯಿಂದ ಆಚೆ ನೋಡಿದೆ. ಅವಳ ಜಗುಲಿಯ ಕೆಳಗೆ ನಲವತ್ತೊಂದು ಜೊತೆ ಚಪ್ಪಲಿ ಇದ್ದವು. ಅವುಗಳಲ್ಲಿ ನನ್ನ ಸೊಸೆಯದು ಒಂದು.

ಎರಡನೆಯ ಸಾಲಿನ ಜಾಗವನ್ನು ಬಿಟ್ಟು ಮೂರನೆಯದನ್ನು ಬರೆದೆ. ಕೊರೆದ ಅಕ್ಷರ ಕಾಣುವಂತೆ ಕಾಡಿಗೆ ತಿಕ್ಕಿದೆ. ಕೊಟ್ಟೆ. ತಿಳಿಯದೆ ಆಯಿತೆಂದು ಹೇಳಿದರೆ ನಾನು ಸುಳ್ಳುಗಾತಿ.

ನಡುಮಧ್ಯಾಹ್ನ ಯಜಮಾನನ ಆಳುಗಳು ಅವಳ ಹೊಸ್ತಿಲು ದಾಟಿದರು. ಚಾಪೆ ಸುರುಳಿ ಸುತ್ತಿದರು, ತಂಬಿಗೆ ಬಗ್ಗಿಸಿದರು, ಗೋಡೆಯ ಗೂಡಿನ ಕಾಗದಗಳನ್ನೆಲ್ಲ ತೆಗೆದರು. ನಕ್ಷೆ ಸಿಗಲಿಲ್ಲ, ಮೊದಲಿಂದಲೂ ಅದು ಕಾಣೆಯಾಗಿರಲೇ ಇಲ್ಲ. ಮೂವತ್ತೆರಡು ರುಜುಗಳ ಮನವಿ ಸಿಕ್ಕಿತು. ಅವಳು ತನ್ನ ಜಗುಲಿಯ ಕೆಳಗೆ ಬರಿಗಾಲಲ್ಲಿ ನಿಂತು, "ಓಲೆ ತೋರಿಸಿ" ಎಂದಳು. ತೋರಿಸಿದರು. ಬಹಳ ಹೊತ್ತು ಓದಿದಳು. ಆಮೇಲೆ ತಲೆ ಎತ್ತಿ ನನ್ನ ಕಿಟಕಿಯ ಕಡೆ ನೋಡಿದಳು.

"ಎಷ್ಟು ಚೆಂದ ಬರೀತೀರಿ ಅಮ್ಮಾ," ಎಂದು ಕೂಗಿ ಹೇಳಿದಳು. "ನಡುವೆ ಒಂದು ಸಾಲು ಉಪವಾಸ ಯಾಕೆ ಹಾಕಿದ್ರಿ?"

ನಾನು ಕಿಟಕಿಯಿಂದ ಹಿಂದೆ ಸರಿದೆ.

ವಸ್ತುವಿಗೆ ಹೆಸರಿದ್ದರೆ, ಅದು ಸಿಕ್ಕಾಗ ಹುಡುಕಾಟ ನಿಲ್ಲುತ್ತದೆ. ಹೆಸರಿಲ್ಲದ ವಸ್ತು ಎಂದೂ ಸಿಗುವುದಿಲ್ಲ. ಸಿಗದ ವಸ್ತು ಎಲ್ಲಿ ಬೇಕಾದರೂ ಇರಬಹುದು. ಆಳುಗಳು ಮನವಿಯಲ್ಲಿದ್ದ ಮೊದಲ ರುಜುವಿನ ಮನೆಗೆ ಹೋದರು. ಓಲೆಯಲ್ಲಿ ಬೇರೆ ಮನೆಯ ಹೆಸರಿತ್ತು, ಪಾದ ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ಒಂದು ಸಲ ಹೆಸರಿಲ್ಲದೆ ಎದ್ದ ಪಾದ ಎರಡನೆಯ ಸಲ ಕೇಳಲಿಲ್ಲ. ಮೊದಲ ಮನೆಯಲ್ಲಿ ಹಾಸಿಗೆ ಬಿಚ್ಚಿದರು. ಎರಡನೆಯ ಮನೆಯಲ್ಲಿ ಒಲೆಯ ಬೂದಿ ಕೆದಕಿದರು. ಮೂರನೆಯ ಮನೆಯಲ್ಲಿ ಬಾಣಂತಿ ಇದ್ದಳು. ಅವಳ ತಾಯಿ, "ಏನ್ ಹುಡುಕ್ತಿದ್ದೀರಪ್ಪಾ? ಹೇಳಿ, ನಾವೇ ತೆಗೆದುಕೊಡ್ತೀವಿ" ಅಂದಳು. ಆಳು ಓಲೆ ನೋಡಿದ, ತಲೆ ಕೆರೆದುಕೊಂಡ, "ಅದು ಸಿಕ್ಕಿದ್ ಮೇಲೆ ಗೊತ್ತಾಗತ್ತೆ" ಅಂದ.

ಹೀಗೆ ಮೂವತ್ತೆರಡು ಮನೆ. ಆಳುಗಳು ಬಂದುಹೋದ ಮೇಲೆ ಯಜಮಾನನ ಹತ್ತಿರ ಹೋಗಿ ರುಜು ವಾಪಸ್ಸು ಪಡೆದವರು ಹತ್ತೊಂಬತ್ತು ಜನ. ಮಾತಿನ ಕಲ್ಲು ಬಿಸಿಲಲ್ಲಿ ಖಾಲಿ ಬಿದ್ದಿತ್ತು. ಅದರ ಮೇಲೆ ಹತ್ತಬಾರದೆಂದು ಯಾರೂ ಹೇಳಲಿಲ್ಲ. ಆದರೆ ಹತ್ತಿ ಇಳಿದವರು ಹೋಗಬೇಕಾದದ್ದು ಮನೆಗೆ ತಾನೇ? ಆ ಮನೆಗಳಲ್ಲಿ ಈಗ ಹೊಸ್ತಿಲು ಮರದ ತುಂಡಾಗಿತ್ತು. ಬೀದಿಯ ಆಡುಗಳೂ ಒಳಗೆ ಬಂದು ಹೋಗತೊಡಗಿದವು.

ಏಳನೆಯ ದಿನ ಆಳುಗಳು ನನ್ನ ಮನೆಗೆ ಬಂದರು.

"ನಾನು ಕರೆದಿಲ್ಲ," ಎಂದೆ.

"ಕರೀಬೇಕಾಗಿಲ್ಲ ಅಮ್ಮಾವ್ರೇ, ನೀವೇ ಬರೆದುಕೊಟ್ಟಿದ್ದೀರಲ್ಲ," ಎಂದು ಹಿರಿಯ ಆಳು ನನ್ನ ಓಲೆಯನ್ನೇ ನನಗೆ ತೋರಿಸಿ ಒಳಗೆ ಬಂದ.

ಯಾಕೆ ಬಂದರು? ನನ್ನ ಸೊಸೆಯೂ ಮನವಿಗೆ ರುಜು ಹಾಕಿದ್ದಳು. ನನಗೆ ತಿಳಿದಿರಲಿಲ್ಲ. ಆಳುಗಳು ಅವಳ ಪೆಟ್ಟಿಗೆ ಬಿಚ್ಚಿದರು. ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ನನ್ನ ಪೆಟ್ಟಿಗೆ. ನನ್ನ ಮಡಿಸಿಟ್ಟ ಸೀರೆಗಳ ಅಡಿಯಲ್ಲಿ ಒಂದು ನಾಲ್ಕು ಗೆರೆಯ ಕಾಪಿ ಪುಸ್ತಕವಿತ್ತು. ಅದನ್ನು ನಾನು ಯಾರಿಗೂ ತೋರಿಸಿರಲಿಲ್ಲ. ಸತ್ತ ಮೇಲೆ ನನ್ನ ಜೊತೆ ಸುಡಬೇಕೆಂದು ಇಟ್ಟಿದ್ದೆ.

ಹಿರಿಯ ಆಳು ಪುಸ್ತಕ ತೆರೆದ. ಪುಟ ತಿರುಗಿಸಿದ. ಜಗುಲಿಗೆ ಹೋಗಿ ಬೀದಿಗೆ ತೋರಿಸಿ ನಕ್ಕ.

"ಏಯ್, ಬನ್ರೋ ನೋಡ್ರೋ! ಅಮ್ಮಾವ್ರು ಹೊಳೆಯಾಚೆಯವಳ ಅಕ್ಷರ ಕಲೀತಾವ್ರೆ!"

ನಿಜ. ಪುಟದಿಂದ ಪುಟಕ್ಕೆ ನಾನು ಅವಳ ಹಾಗೆ ಬರೆಯಲು ಪ್ರಯತ್ನಿಸಿದ್ದೆ. ತಲೆಕಟ್ಟು ಬಿಟ್ಟು, ಸಾಲು ಇಳಿಸಿ, ಅಕ್ಷರದ ಮೇಲೆ ಅಕ್ಷರ ಬೀಳಿಸಿ. ಆ ಓರೆಕೋರೆಯಲ್ಲಿ ಏನಿದೆ, ಜನ ಅದಕ್ಕೆ ಯಾಕೆ ಚಪ್ಪಲಿ ಬಿಟ್ಟು ಕೂರುತ್ತಾರೆ ಎಂದು ಕಂಡುಹಿಡಿಯಬೇಕಿತ್ತು. ಕೊನೆಯ ಪುಟದಲ್ಲಿ ಅವಳ ಅಕ್ಷರದಲ್ಲಿ ನನ್ನ ತಾಯಿಗೆ ಒಂದು ಕಾಗದ ಬರೆದಿದ್ದೆ. ತಾಯಿ ಸತ್ತು ಮೂವತ್ತು ವರ್ಷ ಆಗಿದೆ. ಅದರಲ್ಲಿ ಏನಿತ್ತೆಂದು ಇಲ್ಲಿ ಹೇಳುವುದಿಲ್ಲ. ಆ ಆಳು ಅದನ್ನೂ ಓದಿದ. ಮೀನು ಮಾರುವವಳು ಕೇಳಿದಳು. ಕ್ಷೌರಿಕ ಕೇಳಿದ. ನನ್ನ ಸೊಸೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಎದುರು ಜಗುಲಿಯಿಂದ ಹೊಳೆಯಾಚೆಯವಳು ಮಾತ್ರ ಕಿವಿಗೆ ಕೈ ಒತ್ತಿ ಒಳಗೆ ಹೋದಳು. ಕೇಳಬಾರದ್ದು ಎಂದು ಅವಳಿಗೆ ಹೊಳೆದಿತ್ತು.

ಆಗಲೂ ನನಗೆ ಅವಳ ಮೇಲೆ ಹೊಟ್ಟೆ ಉರಿಯಿತು. ಆ ಹೊತ್ತಿನಲ್ಲೂ ಅವಳು ನನಗಿಂತ ಮರ್ಯಾದಸ್ಥಳಾಗಿ ಕಂಡಳಲ್ಲ ಎಂದು.

ಸೆರಗು ಸರಿಮಾಡಿಕೊಂಡು ನಾನು ತಕ್ಕಡಿಯ ಮನೆಗೆ ನಡೆದೆ. ನನ್ನ ಹಿಂದೆ ಬೀದಿಯೇ ಬಂತು. ತೂಗುವವರ ಮುಂದೆ ನಿಂತು ಹೇಳಿದೆ: "ನೀವು ಮೂರು ಮಾತು ನುಡಿದಿರಿ. ನಾನು ಎರಡು ಬರೆದೆ. ಬೇಕೆಂದೇ ಬಿಟ್ಟೆ. ಹೊಟ್ಟೆಕಿಚ್ಚಿನಿಂದ ಬಿಟ್ಟೆ."

ತೂಗುವವರು ಹಳಬರು. ಅವರಲ್ಲಿ ಹಿರಿಯರು ಓಲೆ ತರಿಸಿ ನೋಡಿದರು. ಆಮೇಲೆ, "ನಿಮ್ಮ ಮನೆಯವರು ಅಂತ ನಾನು ಓಲೆ ತಿರುಗಿ ನೋಡ್ಲಿಲ್ಲ. ನನ್ನದೂ ತಪ್ಪೇ," ಎಂದರು. ಯಜಮಾನನನ್ನು ಕರೆಸಿದರು. ಅವನು ನಗುನಗುತ್ತಲೇ ಬಂದ.

"ಒಂದು ಸಾಲಿನ ವಿಷಯ," ಎಂದ. "ಮುದ್ರೆ ಇತ್ತು, ಓಲೆ ಇತ್ತು. ನನ್ನ ಆಳುಗಳು ಓಲೆ ಹೇಳಿದ ಹಾಗೆ ನಡೆದರು. ಅಷ್ಟಕ್ಕೂ ಆ ಮನೆಗಳಿಗೆ ಬಾಗಿಲೆಲ್ಲಿತ್ತು ಮುರಿಯೋಕೆ? ನಾವು ಏನನ್ನೂ ಮುರಿದಿಲ್ಲ."

ತೂಗುವವರು ಓಲೆಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಇಟ್ಟರು, ಚಿಕ್ಕ ಶಾಸನದ ಪ್ರತಿಯನ್ನು ಇನ್ನೊಂದರಲ್ಲಿ ಇಟ್ಟರು. ಓಲೆ ಗಾಳಿಗೆ ಹಾರಿದ ಹಾಗೆ ಮೇಲೆ ಹೋಯಿತು. "ಇದು ಓಲೆಯೇ ಅಲ್ಲ," ಎಂದರು. ತೆಗೆದುಕೊಂಡು ಹೋದದ್ದನ್ನೆಲ್ಲ ತೆಗೆದುಕೊಂಡ ಕೈಗಳೇ ಇದ್ದಲ್ಲಿಗೆ ಹಿಂತಿರುಗಿಸಬೇಕು ಎಂದರು. ಇನ್ನು ಮುಂದೆ ಅಕ್ಷರ ಒಡೆದರೆ ಒಡೆಯಲಿ, ಮೊದಲು ಬರಹ, ಆಮೇಲೆ ಮುದ್ರೆ ಎಂದರು. ನನ್ನ ಕಂಟವನ್ನು ಕೇಳಿದರು. ಕೊಟ್ಟೆ. ಏಳು ತಲೆಮಾರು ಅಲ್ಲಿಗೆ ಮುಗಿಯಿತು. ಅದು ನ್ಯಾಯ, ನಾನು ಅದರ ಬಗ್ಗೆ ದೂರುವುದಿಲ್ಲ.

ಆಮೇಲೆ ಹೊಳೆಯಾಚೆಯವಳನ್ನು ಕೇಳಿದರು: "ಈಕೆಗೆ ಇನ್ನೇನಾದರೂ ಶಿಕ್ಷೆ ಬೇಕಾ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇವರ ಕೈ ನನಗಿದ್ದಿದ್ರೆ ನಾನು ಯಾರ ಕಾಗದಾನೂ ಬರೀತಿರ್ಲಿಲ್ಲ ಸ್ವಾಮಿ," ಎಂದಳು. "ನನ್ನ ಹೆಸರೇ ಬರ್ಕೊಂಡು ನೋಡ್ತಾ ಕೂತಿರ್ತಿದ್ದೆ. ಶಿಕ್ಷೆ ಬೇಡ. ನನ್ನ ಚಾಪೆ ಕೊಡಿಸಿ ಸಾಕು."

ಜನ ನಕ್ಕರು. ನಾನು ನಗಲಿಲ್ಲ.

ನನ್ನದನ್ನು ಬಿಟ್ಟು ಉಳಿದ ಮೂವತ್ತೊಂದು ಮನೆಗೂ ನಾನೇ ಹೋದೆ. ಹೊಸ್ತಿಲ ಆಚೆ ನಿಂತೆ, ಕರೆದರೂ ಒಳಗೆ ಹೋಗಲಿಲ್ಲ. ನಾನು ಮಾಡಿದ್ದು ತಪ್ಪು, ಕ್ಷಮಿಸಿ ಎಂದೆ. ಬಾಣಂತಿಯ ತಾಯಿ ನನಗೆ ಬೆನ್ನು ತಿರುಗಿಸಿದಳು. ಕ್ಷೌರಿಕ, "ನಿಮ್ಮ ಬಾಯಲ್ಲಿ ಈ ಮಾತು ಕೇಳ್ತೀನಿ ಅಂತ ಎಣಿಸಿರ್ಲಿಲ್ಲ, ಇನ್ನೊಂದ್ಸಲ ಹೇಳಿ" ಅಂದ. ಇನ್ನೊಂದು ಸಲ ಹೇಳಿದೆ. ಸೊಸೆಗೆ ಅಡುಗೆಮನೆಯಲ್ಲಿ ಹೇಳಿದೆ. ಅವಳು ಒಗ್ಗರಣೆ ಸೀದುಹೋಗುವ ತನಕ ಅತ್ತಳು. ಕೊನೆಗೆ ಎದುರು ಮನೆಗೆ ಹೋಗಿ ಹೇಳಿದೆ. ನಡುವೆ ಬೀದಿ ಒಂಬತ್ತು ಹೆಜ್ಜೆ ಅಗಲ. ನಾನು ಜೀವಮಾನದಲ್ಲಿ ನಡೆದ ಅತ್ಯಂತ ಉದ್ದದ ದಾರಿ ಅದು. ಶಾಸನದ ದಿನ ಅವಳೇ ಓದಿದಳು. ಮೂರು ಕಡೆ ತಪ್ಪು ಓದಿದಳು. ಜನ ಅತ್ತರು. ನನಗೆ ಈಗಲೂ ಅವಳನ್ನು ಕಂಡರೆ ಆಗುವುದಿಲ್ಲ.

ಆದರೆ ನಮ್ಮ ಹೊಸ್ತಿಲುಗಳಿಗೆ ಇನ್ನೂ ಎಚ್ಚರವಾಗಿಲ್ಲ. ಓಲೆಯನ್ನು ರದ್ದು ಮಾಡಿ ನಾಲ್ಕು ತಿಂಗಳಾಯಿತು, ಕಾಗದಗಳು ಗೂಡಿಗೆ ಮರಳಿದವು, ಆದರೂ ಕರೆಯದವರ ಪಾದ ನಿಲ್ಲುತ್ತಿಲ್ಲ. ಪಕ್ಕದ ಪಟ್ಟಣದಿಂದ ಬಡಗಿಗಳು ಬಂದಿದ್ದಾರೆ. ಬಾಗಿಲು, ಅಗುಳಿ, ಚಿಲಕ ಮಾಡಿಕೊಡುತ್ತೇವೆ ಎಂದು ಬೀದಿಬೀದಿ ಕೂಗುತ್ತಿದ್ದಾರೆ. ಹದಿನಾಲ್ಕು ಮನೆಯವರು ಹಾಕಿಸಿಕೊಂಡಿದ್ದಾರೆ. ಸಂಜೆ ಬಾಗಿಲು ಮುಚ್ಚುವ ಸದ್ದು ಕೇಳಿಸುತ್ತದೆ. ನಮ್ಮ ಊರಿನಲ್ಲಿ ಹಿಂದೆಂದೂ ಇರದ ಸದ್ದು ಅದು.

ತೂಗುವವರನ್ನು ಹೋಗಿ ಕೇಳಿದೆ. ಅವರು ಹೇಳಿದರು: ದಾಟಿದವರು ಬಂದು, ದಾಟಬಾರದಿತ್ತೆಂದು ಅದೇ ಹೊಸ್ತಿಲ ಮುಂದೆ ನಿಂತು ಹೇಳುವ ತನಕ ಹೊಸ್ತಿಲಿಗೆ ನೆನಪು ಬರುವುದಿಲ್ಲ. ಹಾಗೆಂದು ಆಜ್ಞೆ ಮಾಡಲು ತಮ್ಮ ಮನೆಗೆ ಅಧಿಕಾರವಿಲ್ಲ. ವಸ್ತುವನ್ನು ವಾಪಸ್ಸು ಕೊಡಿಸಬಹುದು, ಮಾತನ್ನು ಕೊಡಿಸಲಾಗದು. ಕೆಳಗಿನ ಕೋಣೆಯನ್ನು ಕೇಳಿದೆ. ಗಲಾಟೆಯಾಯಿತು. ಮೇಲಿನ ಕೋಣೆಯನ್ನು ಕೇಳಿದೆ. ಕೆಮ್ಮಿದರು. ಹೀಗಾಗಿ ಮನವಿ ಸಲ್ಲಿಸಲು ಮೀನು ಮಾರುವವಳಿಗೆ ಯಾವ ಹಕ್ಕಿದೆಯೋ ಅದೇ ಹಕ್ಕಿನಿಂದ, ಓಲೆಯವಳಾಗಿ ಅಲ್ಲದೆ ಈ ಪಟ್ಟಣದ ಒಬ್ಬ ನಿವಾಸಿಯಾಗಿ, ಇದನ್ನು ಬರೆದಿದ್ದೇನೆ. ನಾಳೆ ಸಂತೆಯ ಹೊತ್ತಿಗೆ ಕಲ್ಲಿನ ಮೇಲೆ ಹತ್ತಿ ನಾನೇ ಓದುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಬೀದಿಯಲ್ಲಿ ಗಟ್ಟಿಯಾಗಿ ಮಾತಾಡಿದವರಲ್ಲ. ನಾನು ಮಾತಾಡುತ್ತೇನೆ.

ಯಜಮಾನರೇ, ನನ್ನ ಪಾಲಿನ ತಪ್ಪನ್ನು ನಾನು ಮೂವತ್ತೊಂದು ಹೊಸ್ತಿಲಿನಲ್ಲೂ ನನ್ನ ಅಡುಗೆಮನೆಯಲ್ಲೂ ಎದುರು ಮನೆಯಲ್ಲೂ ಹೇಳಿ ಬಂದಿದ್ದೇನೆ. ನಿಮ್ಮ ಪಾಲಿನದು ಬಾಕಿ ಇದೆ. ಆಳುಗಳನ್ನು ಕಳಿಸುವಂತಿಲ್ಲ, ನೀವೇ ಬರಬೇಕು. ಒಂದು ಹೊಸ್ತಿಲನ್ನೂ ಬಿಡುವಂತಿಲ್ಲ. ಮೊದಲು ಹೊಳೆಯಾಚೆಯವಳ ಮನೆಗೆ ಹೋಗಿ, ನನ್ನ ಮನೆಗೆ ಕೊನೆಯಲ್ಲಿ ಬಂದರೂ ಸರಿ. ಸೇತುವೆಯ ಬಗ್ಗೆ ಮಾತು ಬೇಡ, ಓಲೆಯ ಬಗ್ಗೆ ಮಾತು ಬೇಡ, ಕಾರಣ ಬೇಡ. ಕ್ಷಮೆ ಕೇಳಿ.